ಟ್ಯೂನಿಂಗ್ ಬೇಡದ ಸೈಲೆನ್ಸರ್ ಏನು ಕೊಡುತ್ತದೆ?

ಜೆ.ಪಿ. ನಗರದ 24ನೇ ಮೇನ್‌ನಿಂದ ಬಿ.ಟಿ.ಎಂ. ಲೇಔಟಿನ 16ನೇ ಮೇನ್‌ವರೆಗೆ ಬೈಕಿನ ಬಿಡಿಭಾಗ ಮಾರುವ ಅಂಗಡಿಗಳನ್ನು ಸುತ್ತಿ ಬನ್ನಿ, ಸೈಲೆನ್ಸರ್ ಮಾತೆತ್ತಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಸುಮ್ನೆ ಹಾಕ್ಸಿ ಬ್ರೋ, ಪಿಕಪ್ ಸಕ್ಕತ್ತಾಗಿ ಬರುತ್ತೆ. ಟ್ಯೂನಿಂಗ್ ಗೀನಿಂಗ್ ಏನೂ ಬೇಡ, ಇಸಿಯು ತಾನೇ ಅಡ್ಜಸ್ಟ್ ಮಾಡ್ಕೊಳ್ಳುತ್ತೆ." ಮಾರುವವರು ಹೇಳುವುದು ಹಾಗಿರಲಿ, ಕೊಳ್ಳುವವರೂ ಇದನ್ನೇ ನಂಬಿದ್ದಾರೆ. ಕಾಲೇಜು ಹುಡುಗರು, ಮೊದಲ ಸಂಬಳದಲ್ಲಿ ಬೈಕು ಕೊಂಡವರು, ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯಲ್ಲಿ ತಿಂಡಿಗೆ ನಿಲ್ಲುವ ರೈಡರ್‌ಗಳು ಎಲ್ಲರೂ ಇದು ಇತ್ಯರ್ಥವಾಗಿ ಹೋದ ಸಂಗತಿ ಎಂಬಂತೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ಆ ಮಾತಿನಲ್ಲಿ ಎರಡು ಭರವಸೆಗಳಿವೆ. ಒಂದು, ಎಂಜಿನ್ನಿನ ಶಕ್ತಿ ಹೆಚ್ಚುತ್ತದೆ. ಇನ್ನೊಂದು, ಬೈಕಿನ ಕಂಪ್ಯೂಟರಾದ ಇಸಿಯು ಇರುವುದರಿಂದ ಟ್ಯೂನಿಂಗ್ ಬೇಕಾಗಿಲ್ಲ. ಇವೆರಡೂ ಒಟ್ಟಿಗೆ ನಿಜವಾಗಲಾರವು. ಶಕ್ತಿ ಲೆಕ್ಕಕ್ಕೆ ಸಿಗುವಷ್ಟು ಹೆಚ್ಚಿದ್ದರೆ ಎಂಜಿನ್ನು ಮೊದಲಿಗಿಂತ ಜಾಸ್ತಿ ಗಾಳಿ ಎಳೆಯುತ್ತಿರಬೇಕು. ಜಾಸ್ತಿ ಗಾಳಿಗೆ ಜಾಸ್ತಿ ಪೆಟ್ರೋಲ್ ಬೇಕು. ಆ ಲೆಕ್ಕ ತಿದ್ದುವುದಕ್ಕೇ ಟ್ಯೂನಿಂಗ್ ಎನ್ನುವುದು. ಟ್ಯೂನಿಂಗ್ ನಿಜಕ್ಕೂ ಬೇಡವಾಗಿದ್ದರೆ ಒಳಗೆ ಹೋಗುವ ಗಾಳಿ ಮೊದಲಿನಷ್ಟೇ ಇದೆ, ಶಕ್ತಿಯೂ ಮೊದಲಿನಷ್ಟೇ ಇದೆ, ಕೊಟ್ಟ ದುಡ್ಡಿಗೆ ಬಂದದ್ದು ಸದ್ದು ಮಾತ್ರ. ಎರಡರಲ್ಲಿ ಯಾವುದನ್ನು ಮಾರುತ್ತಿದ್ದೀರಿ ಎಂದು ಅಂಗಡಿಯವರು ಹೇಳಬೇಕು. ಎರಡನ್ನೂ ಒಂದೇ ಬಿಲ್ಲಿನಲ್ಲಿ ಸೇರಿಸಿ ಮಾರುವುದು ಮೋಸ ಎಂದೇ ನಾನು ಹೇಳುತ್ತೇನೆ.

"ಇಸಿಯು ತಾನೇ ಸರಿ ಮಾಡಿಕೊಳ್ಳುತ್ತದೆ" ಎಂಬುದರಲ್ಲಿ ಸ್ವಲ್ಪ ಸತ್ಯ ಇರುವುದರಿಂದಲೇ ಅದು ಇಷ್ಟು ಜನರನ್ನು ದಾರಿ ತಪ್ಪಿಸಿದೆ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ನಮ್ಮ ಬೈಕುಗಳಿಂದ ಕಾರ್ಬುರೇಟರ್ ಹೆಚ್ಚುಕಡಿಮೆ ಮಾಯವಾಯಿತು. ಫ್ಯೂಯಲ್ ಇಂಜೆಕ್ಷನ್ ಬಂತು, ಅದರ ಜೊತೆಗೆ ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿನಲ್ಲಿ ಹೊಗೆಯೊಳಗಿನ ಆಮ್ಲಜನಕ ಗಮನಿಸುವ ಲ್ಯಾಂಬ್ಡಾ ಸೆನ್ಸರ್ ಬಂತು. ಬಿ.ಟಿ.ಎಂ. ಎರಡನೇ ಹಂತದ ಪಕ್ಕದಲ್ಲೇ ಮೈಕೋ ಲೇಔಟ್ ಇದೆಯಲ್ಲ, ಅದಕ್ಕೆ ಆ ಹೆಸರು ಬಂದದ್ದು 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋದಿಂದ. ನಮ್ಮ ತಂದೆಯವರ ಕಾಲದವರು ಮೈಕೋ ಪ್ಲಗ್ ಎಂದೇ ಕೇಳಿ ತರುತ್ತಿದ್ದರು. ಮೈಕೋದ ಮೂಲ ಕಂಪನಿ ಬಾಷ್ 1976ರಲ್ಲಿ ಮೊದಲ ಬಾರಿ ವೋಲ್ವೋ ಕಾರುಗಳಿಗೆ ಕೊಟ್ಟ ಸಾಧನವೇ ಈ ಲ್ಯಾಂಬ್ಡಾ ಸೆನ್ಸರ್. ಮೈಕೋದ ಆಡುಗೋಡಿ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಬಡಾವಣೆಗಳಲ್ಲೇ ಆ ಸೆನ್ಸರ್ ಬಗ್ಗೆ ಇಷ್ಟು ತಪ್ಪು ತಿಳುವಳಿಕೆ ಹರಡಿರುವುದು ನನಗೆ ಬೇಸರ ತರುವ ವಿಷಯ.

ಈ ಸೆನ್ಸರ್ ಮಾಡುವ ಕೆಲಸ ಇಷ್ಟೇ. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಮಿಶ್ರಣ ಆ ಗೆರೆಯಿಂದ ಆಚೆ ಇದೆಯೋ ಈಚೆ ಇದೆಯೋ, ಮೆಕ್ಯಾನಿಕ್ಕುಗಳ ಮಾತಿನಲ್ಲಿ ಲೀನ್ ಆಗಿದೆಯೋ ರಿಚ್ ಆಗಿದೆಯೋ ಎಂಬುದನ್ನು ಸೆನ್ಸರ್ ಹೇಳುತ್ತದೆ. ವೋಲ್ಟೇಜ್ 0.1ರ ಹತ್ತಿರ ಬಿದ್ದರೆ ಲೀನ್, 0.9ರ ಹತ್ತಿರ ಏರಿದರೆ ರಿಚ್. ಎಷ್ಟು ಲೀನ್, ಎಷ್ಟು ರಿಚ್ ಎಂದು ಹೇಳುವ ಶಕ್ತಿ ಬೈಕುಗಳಿಗೆ ಹಾಕುವ ಸಾಧಾರಣ ಸೆನ್ಸರಿಗೆ ಇಲ್ಲ. ಹಿತಮಿತವಾಗಿ ಥ್ರಾಟಲ್ ಹಿಡಿದು ಸಮವೇಗದಲ್ಲಿ ಹೋಗುವಾಗ ಇಸಿಯು ಈ ಸೂಚನೆ ನೋಡಿಕೊಂಡು ಪೆಟ್ರೋಲನ್ನು ಚೂರು ಹೆಚ್ಚಿಸಿ, ಚೂರು ಇಳಿಸಿ ಮಿಶ್ರಣವನ್ನು ಗೆರೆಯ ಮೇಲೆ ನಿಲ್ಲಿಸುತ್ತದೆ. ಅಷ್ಟರ ಮಟ್ಟಿಗೆ "ತಾನೇ ಸರಿ ಮಾಡಿಕೊಳ್ಳುತ್ತದೆ" ಎನ್ನುವುದು ನಿಜ.

ಥ್ರಾಟಲ್ ಪೂರ್ತಿ ತಿರುಗಿಸಿದಾಗ ಮಾತ್ರ ಚಿತ್ರ ಬದಲಾಗುತ್ತದೆ. ಪೂರ್ಣ ಶಕ್ತಿಗೆ ಎಂಜಿನ್ನಿಗೆ ಬೇಕಾಗುವುದು 14.7 ಅಲ್ಲ, ಸುಮಾರು 13ರ ಆಸುಪಾಸಿನ ರಿಚ್ ಮಿಶ್ರಣ. ಅಲ್ಲಿ ಸೆನ್ಸರಿನ ಮಾತಿಗೆ ಬೆಲೆಯಿಲ್ಲ. ಇಸಿಯು ತನ್ನೊಳಗೆ ಬರೆದಿಟ್ಟ ಕೋಷ್ಟಕ ನೋಡಿ ಇಷ್ಟು ಆರ್‌ಪಿಎಂಗೆ, ಇಷ್ಟು ಥ್ರಾಟಲ್‌ಗೆ, ಇಷ್ಟು ಒತ್ತಡಕ್ಕೆ ಇಷ್ಟು ಪೆಟ್ರೋಲ್ ಎಂದು ಸುರಿಯುತ್ತದೆ. ಕಾರುಗಳಲ್ಲಿರುವಂತೆ ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಸಾಧನ ನಮ್ಮ ಬೈಕುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆ ಕೋಷ್ಟಕವನ್ನು ಕಂಪನಿಯ ಎಂಜಿನಿಯರುಗಳು ಬರೆದದ್ದು ಕಂಪನಿಯ ಸೈಲೆನ್ಸರ್ ಇಟ್ಟುಕೊಂಡು. ನೀವು ಪೈಪು ಬದಲಿಸಿದ ಸುದ್ದಿ ಅದಕ್ಕೆ ತಲುಪುವುದೇ ಇಲ್ಲ. ಕೆಲವು ಇಸಿಯುಗಳು ಕೆಳಗಿನ ವೇಗದಲ್ಲಿ ಕಲಿತ ತಿದ್ದುಪಡಿಯನ್ನು ಸ್ವಲ್ಪ ಮೇಲಕ್ಕೂ ಒಯ್ಯುತ್ತವೆ, ಒಪ್ಪುತ್ತೇನೆ. ಆದರೆ 3,000 ಆರ್‌ಪಿಎಂನಲ್ಲಿ ಪೈಪು ತಂದ ವ್ಯತ್ಯಾಸ 7,000ದಲ್ಲೂ ಅಷ್ಟೇ ಇರುತ್ತದೆ ಎಂದು ಯಾರು ಹೇಳಿದರು? ಇರುವುದಿಲ್ಲ. ಪೈಪಿನ ಪರಿಣಾಮ ಆರ್‌ಪಿಎಂನಿಂದ ಆರ್‌ಪಿಎಂಗೆ ಬೇರೆಯಾಗುವುದೇ ಅದರ ಸ್ವಭಾವ.

ಜಯನಗರದಲ್ಲಿ ಓಡಾಡುವವರಿಗೆ ಇದು ಗೊತ್ತಾಗದಿರುವುದು ಸಹಜ. ಸೌತ್ ಎಂಡ್ ಸರ್ಕಲ್ಲಿನಿಂದ ಸಾರಕ್ಕಿ ಸಿಗ್ನಲ್ಲಿಗೆ ಹೋಗುವಷ್ಟರಲ್ಲಿ ಥ್ರಾಟಲ್ ಪೂರ್ತಿ ತಿರುಗಿಸುವ ಅವಕಾಶ ಯಾರಿಗೆ ಸಿಗುತ್ತದೆ? ಸೆನ್ಸರಿನ ಹಿಡಿತದಲ್ಲೇ ದಿನ ಕಳೆಯುತ್ತದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಅದೇ ಬೈಕಿನಲ್ಲಿ ಇಬ್ಬರು ಕೂತು, ಚೀಲ ಕಟ್ಟಿಕೊಂಡು, ಮಡಿಕೇರಿ ಕಡೆ ಹೊರಟು ಗಂಟೆಗಟ್ಟಲೆ ಗಾಡಿಯನ್ನು ಹಿಂಡಿದಾಗ ಲೀನ್ ಮಿಶ್ರಣದ ಬಿಸಿ ಪಿಸ್ಟನ್ನಿನ ತಲೆಗೆ, ಎಕ್ಸಾಸ್ಟ್ ವಾಲ್ವಿಗೆ ತಟ್ಟುತ್ತದೆ. ಸಾಲದ್ದಕ್ಕೆ ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಅದು ಪೂರ್ತಿ ಉರಿಯಲು ಬೇಕಾದ ಗಾಳಿ 14.7 ಪಾಲಲ್ಲ, ಸುಮಾರು 13.5 ಪಾಲು. ಹಳೆಯ ಇಂಧನದ ಲೆಕ್ಕಕ್ಕೆ ಕೋಷ್ಟಕ ಬರೆಸಿಕೊಂಡ ಬೈಕು ಕಂಪನಿಯ ಸೈಲೆನ್ಸರ್ ಇದ್ದಾಗಲೇ ಫುಲ್ ಥ್ರಾಟಲ್‌ನಲ್ಲಿ ಲೀನ್ ಕಡೆಗೆ ವಾಲಿರುತ್ತದೆ. ಅದರ ಮೇಲೆ ಫ್ರೀ ಫ್ಲೋ ಪೈಪು ಹಾಕಿ "ಏನೂ ಆಗಲ್ಲ" ಎನ್ನುವವರು ಈ ಲೆಕ್ಕವನ್ನು ಒಮ್ಮೆಯಾದರೂ ಹಾಕಿ ನೋಡಿದ್ದಾರೆಯೇ?

ಎದುರು ಪಕ್ಷಕ್ಕೆ ಸಲ್ಲಬೇಕಾದ್ದನ್ನೂ ಸಲ್ಲಿಸುತ್ತೇನೆ. ಬೆಂಡ್ ಪೈಪು, ಅದರೊಳಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಸೆನ್ಸರ್ ಎಲ್ಲವನ್ನೂ ಹಾಗೇ ಬಿಟ್ಟು, ತುದಿಯ ಡಬ್ಬಿಯನ್ನು ಮಾತ್ರ ಬದಲಿಸುವ ಸ್ಲಿಪ್-ಆನ್ ಹಾಕಿ, ಅದರಲ್ಲಿ ಸದ್ದು ತಗ್ಗಿಸುವ ಡಿಬಿ ಕಿಲ್ಲರ್ ತೆಗೆಯದೆ ಓಡಿಸಿದರೆ ಸಾಮಾನ್ಯವಾಗಿ ಟ್ಯೂನಿಂಗ್ ಬೇಕಾಗುವುದಿಲ್ಲ. ಎಂಜಿನ್ ಸುಟ್ಟೇಹೋಗುತ್ತದೆ ಎಂದು ಹೆದರಿಸಿ, ಸ್ಲಿಪ್-ಆನ್ ಹಾಕಿಸಿದವರಿಗೆಲ್ಲ ಇಸಿಯು ರೀಮ್ಯಾಪ್ ಅಂಟಿಸುವ ಇನ್ನೊಂದು ಬಗೆಯ ಅಂಗಡಿಯವರ ಪರ ನಾನಿಲ್ಲ. ಆದರೆ ಇಲ್ಲಿ ಟ್ಯೂನಿಂಗ್ ಬೇಡವಾಗಲು ಕಾರಣವೇನು? ಹೊಗೆಯ ದಾರಿಗೆ ಹೆಚ್ಚು ಅಡ್ಡಿಯಾಗಿರುವುದು ಕ್ಯಾಟಲಿಟಿಕ್ ಕನ್ವರ್ಟರ್. ಅದು ಅಲ್ಲೇ ಇದೆ. ಗಾಳಿಯ ಹರಿವು ಹೇಳಿಕೊಳ್ಳುವಷ್ಟು ಬದಲಾಗಿಲ್ಲ. ಹಾಗಾಗಿ ಶಕ್ತಿಯೂ ಬದಲಾಗಿಲ್ಲ. 20 ಬಿಎಚ್‌ಪಿಯ 350 ಸಿಸಿ ಬುಲೆಟ್ಟಿಗೆ ಇಂಥ ಡಬ್ಬಿ ಹಾಕಿ "ಗಾಡಿ ಹಾರುತ್ತೆ" ಎನ್ನುವವರು ಕಿವಿಯಿಂದ ಅಳೆಯುತ್ತಿದ್ದಾರೆ. ಸದ್ದು ಜಾಸ್ತಿಯಾದಾಗ ವೇಗ ಜಾಸ್ತಿಯಾದಂತೆ ಮನಸ್ಸಿಗೆ ತೋರುತ್ತದೆ. ಸ್ಟಾಪ್‌ವಾಚ್ ಹಿಡಿದರೆ ತೋರುವುದಿಲ್ಲ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದೆಲ್ಲಿ? ಹಳಬರ ಅನುಭವದಿಂದ ಬಂತು ಎಂಬ ಸಮರ್ಥನೆಯಿದೆ. "ನಮ್ಮಣ್ಣ ಆರ್‌ಎಕ್ಸ್‌ಗೆ ಪೈಪ್ ಹಾಕ್ಸಿದ್ದ, ಯಾವ ಟ್ಯೂನಿಂಗೂ ಇರ್ಲಿಲ್ಲ" ಎನ್ನುತ್ತಾರೆ. ಈ ಸಮರ್ಥನೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಅನ್ಯಾಯವಾಗಿ ಕಾಣುವುದು, ಏಕೆಂದರೆ ಹಳಬರು ಮಾಡುತ್ತಿದ್ದುದು ಇದಕ್ಕೆ ತದ್ವಿರುದ್ಧ. 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಎರಡೂ ಟೂ ಸ್ಟ್ರೋಕ್ ಗಾಡಿಗಳು. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಎಂಬುದು ಎಂಜಿನ್ನಿನ ಒಂದು ಅಂಗ. ಒಳಗಿನ ಕೋನಿಗೆ ಬಡಿದು ಹಿಂದಿರುಗುವ ಒತ್ತಡದ ಅಲೆ, ಹೊರಗೆ ನುಸುಳಿದ ಹೊಸ ಮಿಶ್ರಣವನ್ನು ಪೋರ್ಟ್ ಮುಚ್ಚುವ ಮೊದಲು ಸಿಲಿಂಡರಿನೊಳಕ್ಕೆ ಮರಳಿ ನೂಕಬೇಕು. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಈ ವಿದ್ಯೆಯನ್ನು ಪಳಗಿಸಿದ. 1961ರಲ್ಲಿ ಅವನ ರೇಸರ್ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋಗಿ ಸುಜುಕಿ ಸೇರಿದಾಗ ಆ ವಿದ್ಯೆ ಜಪಾನಿಗೆ ಹೋಯಿತು. ಒಂದು ಪೈಪಿನ ಅಳತೆಗೆ ಅಷ್ಟು ಬೆಲೆಯಿತ್ತು.

ಹಾಗಾಗಿ ಆರ್‌ಎಕ್ಸ್‌ನ ಪೈಪು ಬದಲಿಸಿದ ಮೆಕ್ಯಾನಿಕ್ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಿರಲಿಲ್ಲ. ಕಾರ್ಬುರೇಟರ್ ಬಿಚ್ಚಿ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕುತ್ತಿದ್ದ, ನೀಡಲಿನ ಕ್ಲಿಪ್ಪನ್ನು ಒಂದು ಕಚ್ಚು ಸರಿಸುತ್ತಿದ್ದ. ಆಮೇಲೆ ಗಾಡಿಯನ್ನು ಚೆನ್ನಾಗಿ ಓಡಿಸಿ, ವೇಗದಲ್ಲಿರುವಾಗಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡುತ್ತಿದ್ದ. ಪ್ಲಗ್ಗಿನ ಒಳಗಿನ ಪಿಂಗಾಣಿ ಸುಣ್ಣ ಬಳಿದಂತೆ ಬಿಳಿಯಾಗಿದ್ದರೆ ಲೀನ್, ಮಸಿ ಹಿಡಿದಿದ್ದರೆ ರಿಚ್, ನಸುಗಂದು ಬಣ್ಣಕ್ಕೆ ಬಂದಿದ್ದರೆ ಸರಿ. ಬಿಳಿ ಪ್ಲಗ್ ಕಂಡೂ ಸುಮ್ಮನಿದ್ದವನ ಗಾಡಿ ಒಂದು ದಿನ ಪಿಸ್ಟನ್ ಸೀಜ್ ಆಗಿ ನಡುರಸ್ತೆಯಲ್ಲಿ ಹಿಂದಿನ ಚಕ್ರ ಹಿಡಿದುಕೊಂಡು ನಿಲ್ಲುತ್ತಿತ್ತು. ಈ ಕೆಲಸಕ್ಕೆ ಟ್ಯೂನಿಂಗ್ ಎಂದಲ್ಲದೆ ಬೇರೇನೆಂದು ಹೇಳಬೇಕು? ಲ್ಯಾಪ್‌ಟಾಪ್ ಇರಲಿಲ್ಲ, ಸ್ಕ್ರೂಡ್ರೈವರ್ ಇತ್ತು. ಅಣ್ಣಂದಿರು ಪೈಪು ಹಾಕಿಸಿದ್ದನ್ನು ನೆನಪಿಟ್ಟುಕೊಂಡವರು ಮೆಕ್ಯಾನಿಕ್ ಜೆಟ್ ಬದಲಿಸಿದ್ದನ್ನು ಮರೆತಿದ್ದಾರೆ.

ಇನ್ನೊಂದು ವಿಷಯವನ್ನು ಯಾರೂ ಗಮನಕ್ಕೆ ತರುವುದಿಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಅಥವಾ ಚೆನ್ನೈನ ಗಾಳಿಗಿಂತ ಹತ್ತಿರಹತ್ತಿರ ಶೇ. 10 ತೆಳು. ಕೆಳನಾಡಿನ ಗಾಳಿಗೆ ಹೊಂದಿಸಿದ ಕಾರ್ಬುರೇಟರ್ ಇಲ್ಲಿ ತಂತಾನೇ ಶೇ. 5ರಷ್ಟು ರಿಚ್ ಆಗುತ್ತದೆ. ಹಾಗಾಗಿ ಹಳೆಯ ಫೋರ್ ಸ್ಟ್ರೋಕ್ ಬುಲೆಟ್ಟಿಗೆ ಜೆಟ್ ಮುಟ್ಟದೆ ತೆರೆದ ಸೈಲೆನ್ಸರ್ ಹಾಕಿಸಿದವರೂ ಇಲ್ಲಿ ಬಚಾವಾದರು. ಪೈಪು ಮಿಶ್ರಣವನ್ನು ಲೀನ್ ಕಡೆಗೆ ಎಳೆದರೂ ಊರಿನ ಎತ್ತರ ಅದನ್ನು ಸರಿದೂಗಿಸುತ್ತಿತ್ತು. ಇಂದಿನ ಇಂಜೆಕ್ಷನ್ ಬೈಕಿಗೆ ಆ ರಕ್ಷಣೆ ಇಲ್ಲ. ಅದು ಗಾಳಿಯ ಒತ್ತಡ ನೋಡಿಕೊಂಡು ಎತ್ತರಕ್ಕೆ ತಕ್ಕ ಲೆಕ್ಕವನ್ನು ಮೊದಲೇ ಹಾಕಿಬಿಟ್ಟಿರುತ್ತದೆ. ಹಳೆಯ ಗಾಡಿಯ ಅದೃಷ್ಟವನ್ನು ಹೊಸ ಗಾಡಿಯ ನಿಯಮವಾಗಿ ಮಾರಬಾರದು.

"ಬ್ಯಾಕ್ ಪ್ರೆಶರ್ ಕಮ್ಮಿ ಆದ್ರೆ ಟಾರ್ಕ್ ಹೋಗುತ್ತೆ, ಅದಕ್ಕೆ ನಮ್ಮ ಪೈಪಲ್ಲಿ ಬ್ಯಾಕ್ ಪ್ರೆಶರ್ ಇಟ್ಟಿದ್ದೀವಿ" ಎಂಬ ಮಾತೂ ಚಾಲ್ತಿಯಲ್ಲಿದೆ. ಹೊಗೆ ಹೊರಹೋಗಲು ಅಡ್ಡಿಯಾದರೆ ಯಾವ ಫೋರ್ ಸ್ಟ್ರೋಕ್ ಎಂಜಿನ್ನಿಗೂ ಲಾಭವಿಲ್ಲ. ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಬೀಳುವುದು ಪೈಪಿನ ಉದ್ದ ಮತ್ತು ಅಗಲ ತಪ್ಪಿದಾಗ. ವಾಲ್ವುಗಳೆರಡೂ ಅರೆ ತೆರೆದಿರುವ ಆ ಕ್ಷಣಕ್ಕೆ ಸರಿಯಾಗಿ ಎಳೆತದ ಅಲೆ ಬಂದು ತಲುಪದಿದ್ದಾಗ. ಅಳತೆಯ ಮಾತನ್ನು ಬ್ಯಾಕ್ ಪ್ರೆಶರ್ ಎಂಬ ಪದದಡಿ ಮುಚ್ಚಿಟ್ಟರೆ ಅಳೆಯುವ ಕಷ್ಟ ತಪ್ಪುತ್ತದೆ, ಅಷ್ಟೇ.

ಈಗ ಫಿಟ್ಟಿಂಗ್ ವಿಷಯ. ನಮ್ಮ ಬೀದಿಯ ಹುಡುಗನೊಬ್ಬನ ಜೊತೆ ಬನಶಂಕರಿಯ ಒಂದು ಅಂಗಡಿಗೆ ಹೋಗಿದ್ದೆ. ಅವನದು 350 ಸಿಸಿ ಗಾಡಿ. ಬೆಂಡ್ ಪೈಪೂ ಸೇರಿದಂತೆ ಪೂರ್ತಿ ಎಕ್ಸಾಸ್ಟ್ ಬದಲಿಸುವ ಕೆಲಸ. ಮೆಕ್ಯಾನಿಕ್ ಸಿಲಿಂಡರ್ ಹೆಡ್ಡಿನ ಹತ್ತಿರದ ಎರಡು ನಟ್ ಬಿಚ್ಚಿ, ಪೈಪು ಎಳೆದು, ಜಜ್ಜಿಹೋಗಿದ್ದ ಹಳೆಯ ಗ್ಯಾಸ್ಕೆಟ್ ರಿಂಗನ್ನು ಬೆರಳಿನಿಂದ ಒರೆಸಿ ಅದನ್ನೇ ಮತ್ತೆ ಕೂರಿಸಿದ. "ಹೊಸದು ಹಾಕಣ್ಣ" ಎಂದು ಹುಡುಗ ಕೇಳಿದರೆ "ಇದೇ ನಡಿಯುತ್ತೆ" ಎಂಬ ಉತ್ತರ. ಒಂದು ವಾರದಲ್ಲಿ ಆ ಜೋಡಣೆಯ ಸುತ್ತ ಅಲ್ಯೂಮಿನಿಯಂ ಮೇಲೆ ಮಸಿಯ ಗೆರೆಯೊಂದು ಮೂಡಿತು, ಥ್ರಾಟಲ್ ಬಿಟ್ಟಾಗಲೆಲ್ಲ ಪಟಪಟ ಸಿಡಿಯತೊಡಗಿತು. ಗೆಳೆಯರು ಅದನ್ನೇ ಗಾಡಿಯ ತಾಕತ್ತು ಎಂದು ಕೊಂಡಾಡಿದರು. ಅದು ತಾಕತ್ತಲ್ಲ. ಬಿರುಕಿನಿಂದ ಹೊರಗಿನ ಗಾಳಿ ಪೈಪಿನೊಳಗೆ ನುಗ್ಗಿ, ಉರಿಯದೆ ಉಳಿದ ಪೆಟ್ರೋಲು ಎಂಜಿನ್ನಿನ ಹೊರಗೆ ಉರಿಯುತ್ತಿತ್ತು. ಅಷ್ಟಕ್ಕೇ ಮುಗಿಯುವುದಿಲ್ಲ. ಅದೇ ಗಾಳಿ ಸೆನ್ಸರಿಗೂ ತಾಗಿ ಮಿಶ್ರಣ ಲೀನ್ ಇದೆ ಎಂದು ತಪ್ಪು ಹೇಳಿಸುತ್ತದೆ, ಇಸಿಯು ಅದನ್ನು ನಂಬಿ ಬೇಡದ ಪೆಟ್ರೋಲು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. "ತಾನೇ ಸರಿ ಮಾಡಿಕೊಳ್ಳುವ" ಇಸಿಯು ಒಂದು ಹಳೆಯ ರಿಂಗಿನಿಂದ ಹೀಗೆ ದಾರಿ ತಪ್ಪುತ್ತದೆ.

ಇದಕ್ಕಿಂತ ಕೆಟ್ಟದ್ದೂ ಇದೆ. ಹೊಸ ಬೆಂಡ್ ಪೈಪಿನಲ್ಲಿ ಸೆನ್ಸರ್ ಕೂರಿಸುವ ತೂತೇ ಇಲ್ಲದಿದ್ದರೆ ಸೆನ್ಸರನ್ನು ಫ್ರೇಮಿಗೆ ಕಟ್ಟಿ ನೇತುಹಾಕುವವರಿದ್ದಾರೆ. ಎಂಜಿನ್ ಲೈಟ್ ಹತ್ತದಿರಲಿ ಎಂದು ಸೆನ್ಸರಿನ ಜಾಗಕ್ಕೆ ಚಿಕ್ಕ ಪ್ಲಗ್ ಸಿಕ್ಕಿಸಿ ಕಳಿಸುವವರಿದ್ದಾರೆ. ಟ್ಯೂನಿಂಗ್ ಬೇಡ, ಇಸಿಯು ನೋಡಿಕೊಳ್ಳುತ್ತದೆ ಎಂದು ಹೇಳಿದ ಕೈಯೇ ಆ ಇಸಿಯುವಿನ ಕಣ್ಣು ಕೀಳುತ್ತದೆ. ಆಮೇಲೆ ಎಮಿಷನ್ ಸರ್ಟಿಫಿಕೇಟ್ ತೋರಿಸಿ "ನೋಡಿ, ಪಾಸ್ ಆಗಿದೆ" ಎನ್ನುವುದು. ಆ ಪರೀಕ್ಷೆ ನಡೆಯುವುದು ಗಾಡಿ ನಿಂತಲ್ಲೇ, ಐಡಲಿಂಗ್‌ನಲ್ಲಿ. ಫುಲ್ ಥ್ರಾಟಲ್‌ನಲ್ಲಿ ಏನಾಗುತ್ತಿದೆ ಎಂಬುದನ್ನು ಅದು ಅಳೆಯುವುದೇ ಇಲ್ಲ.

ಶಕ್ತಿ ಬರಲಿಲ್ಲ, ಸದ್ದಷ್ಟೇ ಬಂತು ಎಂದಾದರೆ ಆ ಸದ್ದು ಯಾರ ಪಾಲಿಗೆ? 175 ಸಿಸಿಗಿಂತ ದೊಡ್ಡ ದ್ವಿಚಕ್ರ ವಾಹನ ಕಾರ್ಖಾನೆಯಿಂದ ಬರುವಾಗ ಪರೀಕ್ಷೆಯಲ್ಲಿ 80 ಡೆಸಿಬೆಲ್ ಮೀರುವಂತಿಲ್ಲ. ಅದಕ್ಕಿಂತ 10 ಡೆಸಿಬೆಲ್ ಜಾಸ್ತಿಯಾದರೆ ಕಿವಿಗೆ ಸದ್ದು ಇಮ್ಮಡಿಯಾದಂತೆ. ಮನೆಗಳಿರುವ ಪ್ರದೇಶಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಇಟ್ಟ ಮಿತಿ ಹಗಲಲ್ಲಿ 55, ರಾತ್ರಿ 45. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ ಜನರಲ್ ಆಸ್ಪತ್ರೆ ಇದೆ. ಎದೆಗೆ ಆಪರೇಷನ್ ಮಾಡಿಸಿಕೊಂಡು ಮಲಗಿದವರ ಕಿಟಕಿಯ ಕೆಳಗೆ ನಡುರಾತ್ರಿ ಪಟಾಕಿ ಸೈಲೆನ್ಸರ್ ಸಿಡಿಸುತ್ತ ಹೋಗುವವರನ್ನು ಹುಡುಗಾಟಿಕೆ ಎಂದು ಕ್ಷಮಿಸಲು ನಾನು ಸಿದ್ಧನಿಲ್ಲ. ಸದ್ದಿದ್ದರೆ ಬೇರೆಯವರಿಗೆ ಗೊತ್ತಾಗಿ ಅಪಘಾತ ತಪ್ಪುತ್ತದೆ ಎಂಬ ವಾದವೂ ನಿಲ್ಲದು. ಪೈಪಿನ ಬಾಯಿ ಹಿಂದಕ್ಕಿದೆ. ನಮ್ಮ ಊರಿನ ಅಪಾಯ ಬರುವುದು ಮುಂದಿನಿಂದ, ಅಡ್ಡರಸ್ತೆಯಿಂದ, ಇಂಡಿಕೇಟರ್ ಹಾಕದೆ ತಿರುಗುವ ಆಟೋದಿಂದ.

ಕಾನೂನಿನಲ್ಲೂ ಸಂದಿಗ್ಧವಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕೆ ವ್ಯತಿರಿಕ್ತವಾಗಿ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಶಬ್ದ ಮತ್ತು ಹೊಗೆಯ ಮಿತಿ ಮೀರಿದ ಗಾಡಿ ಓಡಿಸಿದರೆ 190ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಲೈಸೆನ್ಸೂ ಮೂರು ತಿಂಗಳು ಹೋಗುತ್ತದೆ. ಟ್ಯೂನಿಂಗ್ ಮಾಡಿಸಿದ ಮಾತ್ರಕ್ಕೆ ಈ ಹೊಣೆ ತಪ್ಪುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಫುಲ್ ಸಿಸ್ಟಮ್ ಹಾಕಿ, ಕ್ಯಾಟ್ ತೆಗೆದು, ಕೋಷ್ಟಕ ತಿದ್ದಿಸಿ ನಿಜವಾದ ಶಕ್ತಿ ಬೇಕೆನ್ನುವವರ ಜಾಗ ರೇಸ್ ಟ್ರ್ಯಾಕ್, ಜೆ.ಪಿ. ನಗರದ ಅಡ್ಡರಸ್ತೆಯಲ್ಲ.

ಕೋಷ್ಟಕ ತಿದ್ದುವ ವಿದ್ಯೆ ನಮ್ಮಲ್ಲಿ ಇಲ್ಲದೆ ಇಲ್ಲ. ಕಂಪನಿಯ ಇಸಿಯು ಜೊತೆಗೆ ಜೋಡಿಸುವ ಪವರ್‌ಟ್ರಾನಿಕ್ ಎಂಬ ಪಿಗ್ಗಿಬ್ಯಾಕ್ ಇಸಿಯು ತಯಾರಿಸುವ ರೇಸ್ ಡೈನಾಮಿಕ್ಸ್ ಬೆಂಗಳೂರಿನದೇ ಕಂಪನಿ. ಸೈಲೆನ್ಸರ್ ಬದಲಾದಾಗ ಇಂಧನದ ಲೆಕ್ಕ ತಿದ್ದಬೇಕಾಗುತ್ತದೆ ಎಂಬ ತಿಳುವಳಿಕೆಯ ಮೇಲೆ ಈ ಊರಿನಲ್ಲೇ ಒಂದು ಉದ್ಯಮ ನಿಂತಿದೆ. ಆದ್ದರಿಂದ ಪಿಕಪ್ ಹೆಚ್ಚುತ್ತದೆ ಎನ್ನುವ ಅಂಗಡಿಯವರನ್ನು ಶಕ್ತಿ ಅಳೆದು ತೋರಿಸುವ ಡೈನೋ ಚಾರ್ಟ್ ಕೇಳಿ. ನಿಮ್ಮದೇ ಮಾಡೆಲಿನ ಬೈಕು, ಅದೇ ದಿನ, ಅದೇ ಗೇರು, ಹಳೆಯ ಪೈಪಿನ ಗೆರೆ ಮತ್ತು ಹೊಸ ಪೈಪಿನ ಗೆರೆ; ಅದರ ಕೆಳಗೆ ಗಾಳಿ-ಇಂಧನ ಅನುಪಾತದ ಗೆರೆ. ಮೇಲಿನ ಗೆರೆಗಳೆರಡೂ ಒಂದರ ಮೇಲೊಂದು ಕೂತಿದ್ದರೆ ನೀವು ಕೊಳ್ಳುತ್ತಿರುವುದು ಸದ್ದು. ಹೊಸ ಗೆರೆ ಮೇಲೆದ್ದಿದ್ದು, ಕೆಳಗಿನ ಅನುಪಾತ ಫುಲ್ ಥ್ರಾಟಲ್‌ನಲ್ಲಿ 14ರತ್ತ ಏರಿದ್ದರೆ ಟ್ಯೂನಿಂಗ್ ಇಲ್ಲದೆ ಆ ಗಾಡಿಯನ್ನು ಹೆದ್ದಾರಿಗೆ ಒಯ್ಯಬೇಡಿ. ಚಾರ್ಟೇ ಇಲ್ಲ ಎಂದರೆ ಕೊಳ್ಳಬೇಡಿ.

ಎಲ್ಲ ತಿಳಿದೂ ಬದಲಿಸುವವರು ಕಂಪನಿಯ ಹಳೆಯ ಸೈಲೆನ್ಸರನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬರಬೇಡಿ. ಕೆಲವು ಮಾಡೆಲುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಬೆಂಡ್ ಪೈಪಿನಲ್ಲಿದ್ದರೆ ಇನ್ನು ಕೆಲವುಗಳಲ್ಲಿ ಸೈಲೆನ್ಸರಿನ ಒಳಗೇ ಇರುತ್ತದೆ. ಅದರಲ್ಲಿರುವ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳಿಗಾಗಿಯೇ ಅದನ್ನು ಕೊಳ್ಳುವ ಗುಜರಿ ವ್ಯಾಪಾರವಿದೆ. ಮಾಲೀಕನ ಕೈಗೆ ಬರುವ ರಿಯಾಯಿತಿಗೂ ಆ ಲೋಹಗಳ ಬೆಲೆಗೂ ತಾಳೆಯಿಲ್ಲ, ಹೊಸದು ಕೊಳ್ಳಹೋದರೆ ಕಂಪನಿಯ ಬಿಡಿಭಾಗದ ದರ ಕಣ್ಣಿಗೆ ಕತ್ತಲೆ ತರಿಸುತ್ತದೆ. ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ, ಹೊಸ ಗ್ಯಾಸ್ಕೆಟ್ ಒಂದನ್ನೂ ಜೊತೆಗಿಟ್ಟು ಅಟ್ಟದ ಮೇಲೆ ಇಡಿ.